ಅರಗಿನ ಶಾಸನಗಳು

ಶಿಲೆಯ ಮೇಲೆಯೂ ತಾಮ್ರಪಟದ ಮೇಲೆಯೂ ನಮ್ಮ ಪೂರ್ವಿಕರು ಬರೆಯಿಸಿಟ್ಟ ಶಾಸನಗಳನ್ನು ಓದಿ, ಅರಸರ ವಂಶಾವಳಿಯನ್ನು ತಿಳಿದು ಸಂತೋಷಪಡುವ ವಾಚಕಮಹಾಶಯರು ನಮ್ಮ ಜಿಲ್ಲೆಯಲ್ಲಿ ಅನೇಕರಿದ್ದಾರೆ. ನಾನು ಈ ದಿನ ಅವರ ಮುಂದಿಡಬೇಕೆಂದಿರುವುದು ಬೇರೊಂದು ಬಗೆಯ ಶಾಸನಗಳ ವಿಚಾರ. ಅವು ಕಲ್ಲಿನವಲ್ಲ, ತಾಮ್ರದವೂ ಅಲ್ಲ; ಅರಗಿನವು. ಗ್ರಾಮಫೋನಿನ ತಟ್ಟೆಗಳೆಂದು ನಾವು ಬಾಲ್ಯದಲ್ಲಿ ಕರೆಯುತ್ತಿದ್ದ ಕರಿಯ ಚಕ್ರಗಳನ್ನೇ ನಾನು ಹೀಗೆ ಹೆಸರಿಸುತ್ತಿದ್ದೇನೆ. ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಶಬ್ದಮಂಜರಿಯನ್ನು ಬಾಯಿಪಾಠ ಮಾಡಿಸಿದವನಿಗೆ ಈ ವಿಷಯದಲ್ಲಿ ಅಧಿಕಾರವೇನೆಂದು ಕೇಳಬಹುದು. ಅಧಿಕಾರವಿಲ್ಲ, ಒಂದು ಋಣವುಂಟು. ಆ ಋಣದ ಮಾತನ್ನು ಮುಂದೆ ಅರಿಕೆ ಮಾಡುವೆನು.

ನಮ್ಮ ಸಂಗೀತದ ಚರಿತ್ರೆಯಲ್ಲಿ ಒಂದು ವಿಚಿತ್ರವಾದ ಕೊರತೆಯಿದೆ. ಲಕ್ಷಣಗ್ರಂಥಗಳಿಗೆ ಬಡತನವಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಗೀತವಾದ್ಯಗಳ ವಿಚಾರ ವಿಸ್ತಾರವಾಗಿದೆ. ಮುಂದಿನ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರವನ್ನು ಬರೆದನು. ಆದರೆ ಸೋಮೇಶ್ವರನ ಆಸ್ಥಾನದಲ್ಲಿ ಗಾಯಕನು ಬಾಯಿ ತೆರೆದಾಗ ಯಾವ ನಾದ ಹೊರಟಿತು ಎಂಬುದನ್ನು ಹೇಳಬಲ್ಲವರಾರು? ಪುರಂದರದಾಸರ ಪದಗಳು ನಮಗೆ ಉಳಿದಿವೆ. ಅವುಗಳನ್ನು ದಾಸರು ಹಾಡಿದ ಧಾಟಿಗಳು ಬಹುಮಟ್ಟಿಗೆ ಅಳಿದುಹೋದವು. ಶಬ್ದವು ಉಳಿಯಿತು, ನಾದವು ಹೋಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಭೂಮಂಡಲದ ಸಕಲ ಗಾಯಕರ ಗತಿಯೂ ಇದೇ ಆಗಿತ್ತು.

1877ರಲ್ಲಿ ಅಮೆರಿಕೆಯ ಎಡಿಸನ್ ಎಂಬಾತನು ಧ್ವನಿಯನ್ನು ಕೊಳವೆಯ ಮೇಲೆ ಕೊರೆದು ಮತ್ತೆ ನುಡಿಸುವ ಯಂತ್ರವನ್ನು ನಿರ್ಮಿಸಿದನು. ಹತ್ತು ವರ್ಷಗಳ ಮೇಲೆ ಬರ್ಲಿನರ್ ಎಂಬಾತನು ಕೊಳವೆಗೆ ಬದಲಾಗಿ ಚಪ್ಪಟೆಯಾದ ತಟ್ಟೆಯನ್ನು ಬಳಕೆಗೆ ತಂದನು. ಒಂದು ಅಚ್ಚಿನಿಂದ ಸಾವಿರಾರು ತಟ್ಟೆಗಳನ್ನು ಒತ್ತಬಹುದಾಗಿತ್ತು. ಆದ ಕಾರಣ ಈ ವಿಧಾನವೇ ಗೆದ್ದಿತು. ಆ ತಟ್ಟೆಗಳಲ್ಲಿ ಕಲ್ಲುಪುಡಿಯನ್ನೂ ಮಸಿಯನ್ನೂ ಹಿಡಿದು ನಿಲ್ಲಿಸುತ್ತಿದ್ದ ಮುಖ್ಯದ್ರವ್ಯವು ಅರಗು. ನಮ್ಮ ದೇಶದ ಕಾಡುಗಳ ಮರಗಳ ಮೇಲೆ ಪುಟ್ಟ ಕೀಟವು ಸ್ರವಿಸುವ ಅದೇ ಅರಗು. ಪಾಂಡವರನ್ನು ಸುಡಲು ದುರ್ಯೋಧನನು ಕಟ್ಟಿಸಿದ ಮನೆಗೆ ಬಳಸಿದ ವಸ್ತುವು ಕಲಿಯುಗದಲ್ಲಿ ನಾದವನ್ನು ಉಳಿಸುವುದಕ್ಕೆ ಒದಗಿತು.

1902ರ ನವೆಂಬರ್ ತಿಂಗಳಿನಲ್ಲಿ ಗೈಸ್‌ಬರ್ಗ್ ಎಂಬ ಧ್ವನಿಲೇಖಕನು ಕಲ್ಕತ್ತೆಗೆ ಬಂದು, ಒಂದು ಹೋಟೆಲಿನ ಕೊಠಡಿಯಲ್ಲಿ ತನ್ನ ಯಂತ್ರವನ್ನು ಹೂಡಿದನು. ಅಂದು ಅವನ ಕಹಳೆಯ ಮುಂದೆ ಹಾಡಿದವರಲ್ಲಿ ಗೌಹರ್ ಜಾನ್ ಎಂಬ ಗಾಯಕಿಯು ಅಗ್ರಗಣ್ಯಳು. ಮೈಕು ಇನ್ನೂ ಹುಟ್ಟಿರಲಿಲ್ಲ. ಕಹಳೆಯೊಳಕ್ಕೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಾಗಿತ್ತು. ಮೂರು ನಿಮಿಷಗಳಷ್ಟರಲ್ಲಿ ರಾಗವೂ ಚೀಜೂ ತಾನವೂ ಮುಗಿಯಬೇಕಾಗಿತ್ತು. ಹಾಡು ಮುಗಿದೊಡನೆ ಆಕೆಯು ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಉಚ್ಚರಿಸುವುದು ಆ ತಟ್ಟೆಗಳಲ್ಲಿ ಕೇಳಿಸುತ್ತದೆ. ಇದನ್ನು ಅಹಂಕಾರವೆಂದು ನಗುವವರುಂಟು. ಕಾರಣವು ಬೇರೆ. ಮೇಣದ ಮೂಲಗಳು ಜರ್ಮನಿಯ ಹಾನೋವರಿಗೆ ಹೋಗಿ ಅಲ್ಲಿ ತಟ್ಟೆಗಳಾಗುತ್ತಿದ್ದವು. ನಮ್ಮ ಭಾಷೆಯನ್ನರಿಯದ ಕೆಲಸಗಾರರಿಗೆ ಇದು ಇಂಥವರ ಗಾನವೆಂದು ಗುರುತು ಸಿಕ್ಕಬೇಕಾಗಿತ್ತು. ಶಾಸನದ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರನ್ನು ಕೆತ್ತುವಂತೆಯೇ ಇದೂ ಎಂದು ನಾನು ಭಾವಿಸುತ್ತೇನೆ.

ಹಿಂದೂಸ್ಥಾನವನ್ನೆಲ್ಲ ತನ್ನ ಕಂಠದಿಂದ ಬೆರಗುಗೊಳಿಸಿದ ಈಕೆಯ ಕಡೆಯ ದಿನಗಳು ಕಳೆದದ್ದು ನಮ್ಮ ಮೈಸೂರಿನಲ್ಲಿ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಕೆಯನ್ನು ಆಸ್ಥಾನಕ್ಕೆ ಕರೆಯಿಸಿಕೊಂಡರು. 1930ರ ಜನವರಿ 17ರಂದು ಆಕೆ ಅಲ್ಲಿಯೇ ತೀರಿಕೊಂಡಳು. ಮೈಸೂರಿಗೆ ಹೋಗಿ ಅರಮನೆಯನ್ನೂ ಬೆಟ್ಟವನ್ನೂ ನೋಡಿಬರುವ ನಮ್ಮವರಲ್ಲಿ, ಭಾರತದ ಪ್ರಥಮ ಧ್ವನಿಶಾಸನಗಳ ನಾಯಿಕೆ ಆ ಊರಿನಲ್ಲಿ ಕಣ್ಮುಚ್ಚಿದಳೆಂದು ಬಲ್ಲವರೆಷ್ಟು ಮಂದಿ?

ಇನ್ನು ನನ್ನ ಸ್ವಂತ ಮಾತಿಗೆ ಬರುವೆನು. ನಮ್ಮ ಮನೆಯಲ್ಲಿ ತಾತನವರು ಕೊಂಡ ಒಂದು ಕೀಲಿಯ ಯಂತ್ರವಿತ್ತು. ಜೊತೆಗೆ ನಲವತ್ತಕ್ಕೆ ಕಡಿಮೆಯಿಲ್ಲದ ತಟ್ಟೆಗಳು. ಹಬ್ಬದ ಸಂಜೆಗಳಲ್ಲಿ ತಂದೆಯವರು ಕೀಲಿಯನ್ನು ತಿರುಗಿಸಿ, ಪ್ರತಿಯೊಂದು ಮಗ್ಗುಲಿಗೂ ಹೊಸ ಉಕ್ಕಿನ ಮುಳ್ಳನ್ನು ಸಿಕ್ಕಿಸಿ, ಮಕ್ಕಳನ್ನು ದೂರ ಕೂರಿಸಿ ನುಡಿಸುತ್ತಿದ್ದರು. ನನ್ನ ಅಕ್ಕನು ಆ ತಟ್ಟೆಗಳಿಂದಲೇ ಹಾಡು ಕಲಿತವಳು. ಮಡಿವಂತರ ಮನೆಯ ಹುಡುಗಿಗೆ ಗುರುವನ್ನು ಗೊತ್ತುಮಾಡುವ ರೂಢಿ ನಮ್ಮಲ್ಲಿರಲಿಲ್ಲ; ಅರಗಿನ ತಟ್ಟೆಯೇ ಅವಳ ಗುರು. ನಾನಾದರೋ ಪಾಠಶಾಲೆಗೆ ಹೋದ ಮೇಲೆ ಆ ಯಂತ್ರವನ್ನು ಹಗುರವಾಗಿ ಕಾಣತೊಡಗಿದೆನು. ಮೂರು ನಿಮಿಷದ ಸಂಗೀತವು ಸಂಗೀತವೇ ಅಲ್ಲ, ಪೆಟ್ಟಿಗೆಯಲ್ಲಿಟ್ಟ ಹೂವಿಗೆ ಪರಿಮಳವಿಲ್ಲ ಎಂದು ಅಲ್ಲಿನ ಹಿರಿಯರು ಹೇಳುತ್ತಿದ್ದರು. ನಾನೂ ಅದನ್ನೇ ಹೇಳುತ್ತಿದ್ದೆನು.

ಉಪಾಧ್ಯಾಯನಾಗಿ ಬೇರೆ ಊರಿಗೆ ವರ್ಗವಾದಾಗ ಮನೆಯ ಸಾಮಾನುಗಳನ್ನು ವಿಂಗಡಿಸಬೇಕಾಯಿತು. ತಾತನವರ ತಾಳೆಗರಿಯ ಗ್ರಂಥಗಳನ್ನು ಪಟ್ಟೆಯ ವಸ್ತ್ರದಲ್ಲಿ ಸುತ್ತಿ ಎದೆಗವಚಿಕೊಂಡು ಒಯ್ದೆನು. ತಟ್ಟೆಗಳನ್ನು ಹಳೆಯ ಕಾಗದಗಳ ಜೊತೆಯಲ್ಲಿ ತೂಕಕ್ಕೆ ಹಾಕಿದೆನು. ಕೊಂಡವನ ಮಕ್ಕಳು ಅವುಗಳನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಅಂಚುಗಳನ್ನು ಮೇಲೆತ್ತಿ, ಹೂಬಟ್ಟಲುಗಳನ್ನಾಗಿ ಮಾಡಿದರೆಂದು ಆಮೇಲೆ ಕೇಳಿದೆನು. ಆ ದಿನ ನನಗೆ ಒಂದಿಷ್ಟೂ ವ್ಯಥೆಯಾಗಲಿಲ್ಲ. ಬಹುಕಾಲದ ಮೇಲೆ ರೋಗಶಯ್ಯೆಯಲ್ಲಿದ್ದ ಅಕ್ಕನು, “ಆ ಗಾಂಧಾರಿಯ ಪ್ಲೇಟು ನಿನ್ನಲ್ಲಿದೆಯಲ್ಲವೆ? ಒಂದು ಸಲ ಕೇಳಿಸು” ಎಂದಳು. ನಾನು ಸುಮ್ಮನಿದ್ದೆನು. ಅವಳು ಮತ್ತೊಮ್ಮೆ ಕೇಳಲಿಲ್ಲ. ಮೇಲೆ ಹೇಳಿದ ಋಣವು ಇದು.

ಗಾಂಧಾರಿ ಯಾರೆಂದು ಕಿರಿಯರು ಕೇಳಬಹುದು. 1930ರ ದಶಕದಲ್ಲಿ ‘ಗಾಂಧಾರಿ ಹುಬ್ಬಳ್ಳಿ’ ಎಂಬ ಹೆಸರಿನಿಂದ ಎಚ್.ಎಂ.ವಿ. ತಟ್ಟೆಗಳಲ್ಲಿ ಹಾಡಿದ ತರುಣಿಯೇ ಮುಂದೆ ಲೋಕವಿಖ್ಯಾತರಾದ ಗಂಗೂಬಾಯಿ ಹಾನಗಲ್ಲರು. ಅವರು 1913ರಲ್ಲಿ ಧಾರವಾಡದಲ್ಲಿ ಜನಿಸಿ, ಕುಂದಗೋಳದ ಸವಾಯಿ ಗಂಧರ್ವರಲ್ಲಿ ಶಿಷ್ಯವೃತ್ತಿ ಮಾಡಿ, 2009ರಲ್ಲಿ ಹುಬ್ಬಳ್ಳಿಯಲ್ಲಿ ಸ್ವರ್ಗಸ್ಥರಾದರು. ಗಂಗೂಬಾಯಿಯವರೆಂದೊಡನೆ ನಮ್ಮ ಕಿವಿಯಲ್ಲಿ ಮೊಳಗುವುದು ಗಂಭೀರವಾದ, ಪುರುಷಕಂಠವೆಂದು ಭ್ರಮೆಗೊಳಿಸುವ ಧ್ವನಿ. ಆದರೆ ಆ ಹಳೆಯ ತಟ್ಟೆಗಳಲ್ಲಿರುವುದು ತಾರಸ್ಥಾಯಿಯಲ್ಲಿ ಲೀಲೆಯಿಂದ ಸಂಚರಿಸುವ ತೆಳುವಾದ ಎಳೆಯ ದನಿ. ಗಂಟಲಿನ ಬೇನೆಗೆ ಚಿಕಿತ್ಸೆಯಾದ ಮೇಲೆ ಅವರ ಧ್ವನಿಯು ಮಾರ್ಪಟ್ಟು, ಅವರು ಅದನ್ನೇ ತಪಸ್ಸಿನಿಂದ ಹೊಸ ಸಂಪತ್ತನ್ನಾಗಿ ಮಾಡಿಕೊಂಡರು. ಆ ತಟ್ಟೆಗಳಿಲ್ಲದಿದ್ದರೆ ಮೊದಲಿನ ಕಂಠವೊಂದಿತ್ತೆಂಬುದು ಕೇವಲ ಐತಿಹ್ಯವಾಗುತ್ತಿತ್ತು. ಅವರ ಉತ್ತರವಯಸ್ಸಿನ ದೀರ್ಘತಟ್ಟೆಗಳನ್ನು ಎಲ್ಲರೂ ಕೊಂಡಾಡುತ್ತಾರೆ. ಈ ಎಳೆಯ ಧ್ವನಿಯನ್ನು ಕೇಳುವವರು ವಿರಳ.

ಇದೇ ನ್ಯಾಯವು ಮಲ್ಲಿಕಾರ್ಜುನ ಮನಸೂರರಿಗೂ ಅನ್ವಯಿಸುತ್ತದೆ. ಅಪೂರ್ವ ರಾಗಗಳನ್ನು ಒಂದೇ ಉಸಿರಿನ ಎಳೆಯಲ್ಲಿ ಪೋಣಿಸುವ ಅವರ ವೃದ್ಧಾಪ್ಯದ ಗಾನವು ನನಗೆ ಪರಮಪ್ರಿಯವಾದುದು. ಆ ದೀರ್ಘತಟ್ಟೆಗಳನ್ನು ಸಾಯಂಸಂಧ್ಯೆಯಾದ ಮೇಲೆ ಕೇಳುವುದು ನನಗೆ ನಿತ್ಯದ ನೇಮದಂತಾಗಿದೆ. ಆದರೆ 1930ರ ದಶಕದಲ್ಲಿ ಅವರು ತರುಣರಾಗಿದ್ದಾಗ ಹಾಡಿದ ಸಣ್ಣ ತಟ್ಟೆಗಳೂ ಉಂಟು. ಅವರು ಮೊದಲು ಗ್ವಾಲಿಯರ್ ಪದ್ಧತಿಯ ನೀಲಕಂಠಬುವಾ ಅವರ ಶಿಷ್ಯರು; ಅನಂತರ ಜೈಪುರ ಘರಾಣೆಯ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನ್ ಇವರಲ್ಲಿ ಕಲಿತರು. ಮೊದಲ ತಟ್ಟೆಗಳಲ್ಲಿ ಹರಿಯುವುದು ಗ್ವಾಲಿಯರಿನ ನೇರವಾದ, ಉತ್ಸಾಹದ ಗತಿ. ಒಬ್ಬ ಕವಿಯ ಪ್ರಥಮ ಕಾವ್ಯವನ್ನೂ ಪ್ರೌಢಕಾವ್ಯವನ್ನೂ ಜೊತೆಯಲ್ಲಿಟ್ಟು ಓದಿದರೆ ಹೇಗೋ, ಇವುಗಳನ್ನು ಜೊತೆಯಲ್ಲಿ ಕೇಳಿದರೆ ವಿದ್ಯೆಯು ಬೆಳೆಯುವ ಕ್ರಮವು ಗೋಚರಿಸುತ್ತದೆ.

ಅಬ್ದುಲ್ ಕರೀಮ್ ಖಾನರ ವಿಷಯದಲ್ಲಿ ಈ ಶಾಸನಗಳ ಉಪಕಾರವು ಇನ್ನೂ ದೊಡ್ಡದು. ಉತ್ತರದೇಶದ ಕೈರಾನಾದಲ್ಲಿ 1872ರಲ್ಲಿ ಜನಿಸಿ, ಮೀರಜದಲ್ಲಿ ನೆಲೆಸಿ, ಧಾರವಾಡ, ಮೈಸೂರುಗಳಿಗೆ ಮತ್ತೆ ಮತ್ತೆ ಬಂದ ಈ ಮಹನೀಯರು ಮೂವತ್ತೆರಡು ಮೂವತ್ತಮೂರರ ಪ್ರಾಯದಲ್ಲಿ ಕಹಳೆಗೆ ಹಾಡಿದರು; ಅರುವತ್ತು ದಾಟಿದ ಮೇಲೆ ಮೈಕಿನ ಮುಂದೆ ಮತ್ತೊಮ್ಮೆ ಹಾಡಿದರು. ಈ ಎರಡರ ನಡುವೆ 1925ರ ಸುಮಾರಿಗೆ ವಿದ್ಯುತ್ತಿನಿಂದ ಧ್ವನಿಯನ್ನು ಬರೆಯುವ ಕ್ರಮವು ಬಂದು, ಮೆಲುದನಿಯ ಎಳೆಯೂ ಸಿಕ್ಕುವಂತಾಗಿತ್ತು. ಝಿಂಝೋಟಿಯಲ್ಲಿ ಅವರು ಹಾಡಿದ ಠುಮರಿಯ ತಟ್ಟೆಯನ್ನು ಅರಿಯದ ರಸಿಕರಿಲ್ಲ. ಗದಗಿನ ಬಾಲಕ ಭೀಮಸೇನ ಜೋಶಿಯವರು ಖಾನರ ತಟ್ಟೆಯೊಂದನ್ನು ಕೇಳಿ, ಹಾಗೆ ಹಾಡಬೇಕೆಂಬ ಹಂಬಲದಿಂದ ಗುರುವನ್ನರಸಿ ಮನೆ ಬಿಟ್ಟ ಕಥೆಯೂ ಪ್ರಸಿದ್ಧವಾಗಿದೆ. ಆದರೆ ಅದೇ ಖಾನರು ತ್ಯಾಗರಾಜರ ಕೃತಿಯೊಂದನ್ನು ಖರಹರಪ್ರಿಯ ರಾಗದಲ್ಲಿ ತಟ್ಟೆಗೆ ಹಾಡಿರುವರೆಂದು ಹೇಳಿದರೆ ನನ್ನ ಮಿತ್ರರು ನಂಬುವುದಿಲ್ಲ! ತೆಲುಗಿನ ಉಚ್ಚಾರಣೆಯಲ್ಲಿ ತೊಡಕುಂಟು. ಗಮಕಗಳು ದಕ್ಷಿಣದವರ ಒಲವಿಗೆ ಪೂರ್ಣವಾಗಿ ಒಪ್ಪಲಾರವು. ಆದರೂ ಉತ್ತರದ ಉಸ್ತಾದರೊಬ್ಬರು ದಕ್ಷಿಣದ ವಾಗ್ಗೇಯಕಾರನ ಮುಂದೆ ವಿನಯದಿಂದ ನಿಂತದ್ದಕ್ಕೆ ಅದಕ್ಕಿಂತ ಬಲವಾದ ಸಾಕ್ಷ್ಯ ಯಾವುದು ಬೇಕು? ಉತ್ತರಾದಿ, ದಕ್ಷಿಣಾದಿ ಎಂದು ಇಂದಿಗೂ ಕಲಹವಾಡುವವರು ಇದನ್ನೊಮ್ಮೆ ಕೇಳಬೇಕು. ಖಾನರು 1937ರ ಅಕ್ಟೋಬರ್ 27ರಂದು ತಮಿಳುನಾಡಿನ ಸಿಂಗಪೆರುಮಾಳ್ ಕೋಯಿಲ್ ಎಂಬ ರೈಲುನಿಲ್ದಾಣದಲ್ಲಿ ಪ್ರಾಣಬಿಟ್ಟರು. ದಕ್ಷಿಣದ ನೆಲವೇ ಅವರ ಕಡೆಯ ಉಸಿರನ್ನು ಕೇಳಿತು.

ಭಾವಗೀತೆಗಳಲ್ಲಿಯೂ ಮರೆವಿನ ಇಂಥ ಕಥೆಯಿದೆ. 1978ರಲ್ಲಿ ನಿಸಾರ್ ಅಹಮದರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ವು ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿಯೆಂದು ಪ್ರಸಿದ್ಧವಾಯಿತು. ಅದು ನನಗೂ ಅಚ್ಚುಮೆಚ್ಚು. ಆದರೆ ಆ ಹೊಲವನ್ನು ಮೊದಲು ಉತ್ತವರು ಪಿ. ಕಾಳಿಂಗರಾಯರು. 1914ರಿಂದ 1981ರವರೆಗೆ ಬಾಳಿದ ಅವರು ರಾಜರತ್ನಂ ಅವರ ರತ್ನನ ಪದಗಳನ್ನೂ ಇತರ ಕವಿಗಳ ಗೀತೆಗಳನ್ನೂ ಮನೆಮನೆಯ ಮಾತನ್ನಾಗಿ ಮಾಡಿದರು. ಸುರುಳಿಯನ್ನು ನೆನೆಯುವ ನಾವು ತಟ್ಟೆಯನ್ನು ಮರೆಯುವುದು ಮಗನನ್ನು ಹೊಗಳಿ ತಂದೆಯನ್ನು ಬಾಗಿಲಲ್ಲಿ ನಿಲ್ಲಿಸಿದಂತೆ.

ಇಲ್ಲಿ ‘ಆಲ್ಬಮ್’ ಎಂಬ ಮಾತಿನ ಪ್ರಸ್ತಾಪವು ಅನುಚಿತವಾಗಲಾರದು. ಪುರಾತನ ರೋಮಿನಲ್ಲಿ ಪ್ರಕಟಣೆಗಳನ್ನು ಬರೆಯುವ ಬಿಳಿಯ ಹಲಗೆಗೆ ಆ ಹೆಸರು. ಸಣ್ಣ ತಟ್ಟೆಗಳ ಕಾಲದಲ್ಲಿ ಒಂದು ದೊಡ್ಡ ಕೃತಿಗೆ ಹಲವು ತಟ್ಟೆಗಳು ಬೇಕಾಗಿ, ಅವುಗಳನ್ನು ಚಿತ್ರಗಳ ಪುಸ್ತಕದಂತೆ ಹೊಲಿದ ಲಕೋಟೆಗಳಲ್ಲಿಟ್ಟು ಮಾರುತ್ತಿದ್ದರು. ಹಾಗಾಗಿ ಆ ಕಟ್ಟಿಗೆ ಆಲ್ಬಮ್ಮೆಂಬ ಹೆಸರಾಯಿತು. 1948ರಲ್ಲಿ ದೀರ್ಘತಟ್ಟೆಯು ಬಂದು ಕಟ್ಟು ಹೋದರೂ ಹೆಸರು ಉಳಿಯಿತು. ಶಬ್ದಗಳ ಆಯುಷ್ಯವು ವಸ್ತುಗಳ ಆಯುಷ್ಯಕ್ಕಿಂತ ದೊಡ್ಡದೆಂಬುದಕ್ಕೆ ಇದೂ ಒಂದು ನಿದರ್ಶನ.

ಮೂರು ನಿಮಿಷದ ಸಂಗೀತವು ಸಂಗೀತವಲ್ಲವೆಂಬ ಮಾತಿಗೆ ಈಗ ನನ್ನ ಉತ್ತರವಿಷ್ಟೆ. ಸೂತ್ರವು ಭಾಷ್ಯವಲ್ಲ, ಆದರೂ ಸೂತ್ರವನ್ನು ಅಲ್ಪವೆಂದು ಹೇಳುವ ಪಂಡಿತನಿಲ್ಲ. ಪಾಣಿನಿಯ ಕೃತಿಯನ್ನು ಹಾಗೆ ಪೂಜಿಸಿದವನು, ಅದೇ ಗುಣವನ್ನು ಮೂರು ನಿಮಿಷದ ತಟ್ಟೆಯಲ್ಲಿ ಕಾಣದೆ ಹೋದದ್ದು ವಿದ್ಯೆಯ ದೋಷವಲ್ಲ, ನನ್ನ ದೋಷ.

ಇಂದು ಆ ಹಳೆಯ ತಟ್ಟೆಗಳಲ್ಲಿ ಅನೇಕವನ್ನು ಸಂಗ್ರಾಹಕರು ಹೊಸ ಯಂತ್ರಗಳಿಗೆ ಇಳಿಸಿದ್ದಾರೆ. ಮೊಮ್ಮಗನು ಅಂಗೈಯಲ್ಲಿ ಹಿಡಿಯುವ ದೂರವಾಣಿಯಲ್ಲಿ ಒಂದು ರಾತ್ರಿ ಗಾಂಧಾರಿ ಹುಬ್ಬಳ್ಳಿಯ ಹಾಡನ್ನು ನನಗೆ ಕೇಳಿಸಿದನು. ಮುಳ್ಳಿನ ಸರಸರ ಸದ್ದಿನ ಹಿಂದಿನಿಂದ ಆ ಎಳೆಯ ದನಿ ಎದ್ದುಬಂದಿತು. ಅಕ್ಕನು ಒಲೆಯ ಮುಂದೆ ಕುಳಿತು ಜೊತೆಗೂಡಿಸುತ್ತಿದ್ದ ಸ್ಥಳವು ಬಂದಾಗ ನಾನು ಎದ್ದು ಹೊರಗೆ ಹೋದೆನು. ಹಾಡು ದೊರೆಯಿತು, ಕೇಳಿಸಬೇಕಾದವಳು ಇರಲಿಲ್ಲ.

ಆದರೆ ಎಲ್ಲ ತಟ್ಟೆಗಳೂ ಹೀಗೆ ಉಳಿದಿಲ್ಲ. ನಮ್ಮ ಜಿಲ್ಲೆಯ ಹಳೆಯ ಮನೆಗಳ ಅಟ್ಟಗಳಲ್ಲಿ, ಮುರುಕು ಪೆಟ್ಟಿಗೆಗಳಲ್ಲಿ, ಬೇರೆಲ್ಲಿಯೂ ಇಲ್ಲದ ತಟ್ಟೆಯೊಂದು ಇರಬಾರದೆಂದಿಲ್ಲ. ಆದುದರಿಂದ ವಾಚಕರಲ್ಲಿ ಒಂದು ವಿಜ್ಞಾಪನೆ. ಅಂಥವು ಸಿಕ್ಕಿದರೆ ಒಂದರ ಮೇಲೊಂದು ಹೇರದೆ, ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿಡಿರಿ. ಬಿಸಿಲನ್ನೂ ಬಿಸಿಯನ್ನೂ ತಾಗಿಸಬೇಡಿರಿ. ಮದ್ಯಸಾರದಿಂದ ಒರಸಬೇಡಿರಿ, ಅರಗು ಅದರಲ್ಲಿ ಕರಗಿಹೋಗುವುದು. ನಡುವಿನ ಕಾಗದದ ಮೇಲಿರುವ ಹೆಸರು, ರಾಗ, ಸಂಖ್ಯೆಗಳನ್ನೂ, ಕಾಗದದ ಸುತ್ತ ಅರಗಿನಲ್ಲಿಯೇ ಮೂಡಿರುವ ಅಂಕೆಗಳನ್ನೂ, ಶಾಸನವನ್ನು ಪ್ರತಿಮಾಡುವವರ ಶ್ರದ್ಧೆಯಿಂದ ಒಂದು ಪುಸ್ತಕದಲ್ಲಿ ಬರೆದಿಡಿರಿ. ಮನೆಯಲ್ಲಿ ವೃದ್ಧರಿದ್ದರೆ, ನಿಮಗೆ ಬೇಕಾದ ತಟ್ಟೆ ಯಾವುದೆಂದು ಅವರನ್ನು ಇಂದೇ ಕೇಳಿ, ಇಂದೇ ಕೇಳಿಸಿರಿ.