ಉಬ್ಬುಶಿಲ್ಪ ಮತ್ತು ಎರಡು ಬಣ್ಣದ ನೋಟ: ಆಳಂದ, ಅಫಜಲಪುರ, ಜೇವರ್ಗಿ ಪರಿಸರದ ಸ್ಮಾರಕಶಿಲೆಗಳ ದಾಖಲೀಕರಣ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ ಊರ ಅಗಸಿಯ ಪಕ್ಕದಲ್ಲಿ, ಹನುಮಂತ ದೇವರ ಗುಡಿಯ ಮುಂದೆ, ಬಾವಿಯ ದಂಡೆಯಲ್ಲಿ, ಹೊಲದ ಬದುವಿನಲ್ಲಿ ವೀರಗಲ್ಲು ಮತ್ತು ಮಾಸ್ತಿಗಲ್ಲುಗಳು ಕಾಣಸಿಗುತ್ತವೆ. ಕಲ್ಯಾಣ ಚಾಲುಕ್ಯರ ಆಳ್ವಿಕೆಯಲ್ಲಿ ಈ ಸೀಮೆಯ ಒಂದು ಭಾಗ ಆಳಂದೆ-1000 ಎಂಬ ಆಡಳಿತ ವಿಭಾಗವಾಗಿತ್ತು. ಇಲ್ಲಿಯ ಶಾಸನಗಳನ್ನು ವಿದ್ವಾಂಸರು ಓದಿ ಸಂಪುಟಗಳಲ್ಲಿ ಪ್ರಕಟಿಸಿದ್ದಾರೆ. ಆದರೆ ಅಕ್ಷರವಿಲ್ಲದ ಕಲ್ಲುಗಳ ಸ್ಥಿತಿ ಬೇರೆ. ಬರಹವಿಲ್ಲದ ವೀರಗಲ್ಲಿಗೆ ಶಾಸನ ಸಂಪುಟದಲ್ಲಿ ಸ್ಥಾನವಿಲ್ಲ. ಕಲಾಸೌಷ್ಠವ ಸಾಲದೆಂಬ ಕಾರಣಕ್ಕೆ ಶಿಲ್ಪಕಲೆಯ ಗ್ರಂಥಗಳಲ್ಲಿಯೂ ಅದಕ್ಕೆ ಸ್ಥಾನ ದೊರೆಯುವುದು ಅಪರೂಪ. ಅದನ್ನು ಉಳಿಸಿಕೊಂಡು ಬಂದಿರುವುದು ಜನಪದರ ಪೂಜೆ ಮಾತ್ರ. ಇಂಥ ಕಲ್ಲುಗಳ ಉಬ್ಬುಚಿತ್ರಗಳನ್ನು ಕಡಿಮೆ ಖರ್ಚಿನಲ್ಲಿ ದಾಖಲಿಸಲು ನೆರವಾಗುವ ‘ಅನಾಗ್ಲಿಫ್’ ಎಂಬ ಎರಡು ಬಣ್ಣದ ಘನಚಿತ್ರ ವಿಧಾನದ ಚರಿತ್ರೆಯನ್ನು, ಅದರ ಉಪಯೋಗವನ್ನು ಹಾಗೂ ಮಿತಿಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ವೀರಗಲ್ಲಿನ ಸಾಮಾನ್ಯ ರಚನೆ ಪರಿಚಿತವಾದುದೇ. ಕೆಳಗಿನ ಪಟ್ಟಿಕೆಯಲ್ಲಿ ಯುದ್ಧ, ನಡುವೆ ವೀರನನ್ನು ಒಯ್ಯುತ್ತಿರುವ ಅಪ್ಸರೆಯರು, ಮೇಲೆ ಲಿಂಗಪೂಜೆ ಅಥವಾ ಕೈಲಾಸ. ಮಾಸ್ತಿಗಲ್ಲಿನಲ್ಲಿ ಬಳೆ ತೊಟ್ಟ ಎತ್ತಿದ ತೋಳು ಮುಖ್ಯ ಲಕ್ಷಣ. 1982ರಲ್ಲಿ ಎಸ್. ಶೆಟ್ಟರ್ ಮತ್ತು ಗುಂಥರ್ ಸೊಂಥೈಮರ್ ಅವರು ಸಂಪಾದಿಸಿದ ಸ್ಮಾರಕಶಿಲೆಗಳ ಗ್ರಂಥವು ಈ ಅಧ್ಯಯನಕ್ಕೆ ಭದ್ರವಾದ ತಳಹದಿಯನ್ನು ಹಾಕಿತು. ಆದರೆ ಶತಮಾನಗಳ ಗಾಳಿ ಮಳೆಗೆ ಸವೆದ ಕಲ್ಲಿನಲ್ಲಿ ಉಬ್ಬು ಕೆಲವೇ ಮಿಲಿಮೀಟರಿನಷ್ಟು ಉಳಿದಿರುತ್ತದೆ. ಇದನ್ನು ದಾಖಲಿಸುವ ಎರಡು ರೂಢಿಯ ವಿಧಾನಗಳಿಗೂ ತೊಡಕುಗಳಿವೆ. ಪಡಿಯಚ್ಚು ತೆಗೆಯಲು ಕಲ್ಲನ್ನು ನೀರು ಹಾಕಿ ತಿಕ್ಕಿ ತೊಳೆಯಬೇಕು. ಪೂಜೆಗೊಳ್ಳುವ ಕಲ್ಲಿನ ಎಣ್ಣೆ ಕುಂಕುಮಗಳನ್ನು ತೆಗೆಯಲು ಊರಿನವರು ಒಪ್ಪುವುದಿಲ್ಲ, ಒಪ್ಪಬೇಕೆಂದು ಕೇಳುವುದೂ ಉಚಿತವಲ್ಲ. ಒಂಟಿ ಛಾಯಾಚಿತ್ರವಂತೂ ಬಿಸಿಲಿನ ಓರೆಯನ್ನು ಅವಲಂಬಿಸಿರುತ್ತದೆ. ನಡುಹಗಲಿನಲ್ಲಿ ತೆಗೆದರೆ ಉಬ್ಬು ಅಳಿಸಿಹೋಗುತ್ತದೆ. ಬೆಳಕು ಕೆಳಗಿನಿಂದ ಬಿದ್ದರೆ ಉಬ್ಬು ತಗ್ಗಾಗಿಯೂ ತಗ್ಗು ಉಬ್ಬಾಗಿಯೂ ಕಂಡು ನೋಟವೇ ದಾರಿ ತಪ್ಪುತ್ತದೆ.

ಈ ತೊಡಕಿಗೆ ಪರಿಹಾರ ನಮ್ಮ ಎರಡು ಕಣ್ಣುಗಳಲ್ಲಿಯೇ ಇದೆ. ಕಣ್ಣುಗಳ ನಡುವಿನ ಅಂತರ ಸುಮಾರು 6.5 ಸೆಂಟಿಮೀಟರ್. ಆದುದರಿಂದ ಪ್ರತಿಯೊಂದು ಕಣ್ಣೂ ವಸ್ತುವನ್ನು ತುಸು ಬೇರೆ ಕೋನದಿಂದ ನೋಡುತ್ತದೆ. ಈ ಎರಡು ನೋಟಗಳ ವ್ಯತ್ಯಾಸದಿಂದ ಮಿದುಳು ಆಳವನ್ನು ಗ್ರಹಿಸುತ್ತದೆ. 1838ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ಕನ್ನಡಿಗಳಿಂದ ಕೂಡಿದ ಉಪಕರಣದ ಮೂಲಕ ಇದನ್ನು ಸಿದ್ಧಪಡಿಸಿ ತೋರಿಸಿದರು. ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಡದೆ ಒಂದರ ಮೇಲೊಂದು ಇಟ್ಟು, ಬಣ್ಣದಿಂದಲೇ ಅವುಗಳನ್ನು ಬೇರ್ಪಡಿಸುವ ಉಪಾಯವನ್ನು 1853ರಲ್ಲಿ ಜರ್ಮನಿಯ ವಿಲ್‌ಹೆಲ್ಮ್ ರೋಲ್‌ಮನ್ ವಿವರಿಸಿದರು. 1858ರಲ್ಲಿ ಫ್ರಾನ್ಸಿನ ಜೋಸೆಫ್ ದಾಲ್ಮೇಡಾ ಮಾಯಾದೀಪದ ನೆರವಿನಿಂದ ಕೆಂಪು ಮತ್ತು ಹಸಿರು ಬೆಳಕಿನ ಜೋಡಿಚಿತ್ರಗಳನ್ನು ಪರದೆಯ ಮೇಲೆ ಮೂಡಿಸಿದರು. ವರ್ಣಛಾಯಾಗ್ರಹಣದ ಆದ್ಯರಲ್ಲಿ ಒಬ್ಬರಾದ ಲೂಯಿ ದ್ಯುಕೊ ದ್ಯು ಓರಾನ್ 1891ರಲ್ಲಿ ಇದನ್ನು ಮುದ್ರಣಕ್ಕೆ ಅಳವಡಿಸಿ ‘ಅನಾಗ್ಲಿಫ್’ ಎಂದು ಹೆಸರಿಟ್ಟರು. ಗ್ರೀಕ್ ಮೂಲದ ಈ ಪದಕ್ಕೆ ಉಬ್ಬಾಗಿ ಕೆತ್ತಿದ್ದು ಎಂಬ ಅರ್ಥವಿದೆ ಎಂಬುದು ಇಲ್ಲಿ ಗಮನಾರ್ಹ. ಕಾಗದದ ಚಿತ್ರಕ್ಕೆ ಶಿಲ್ಪದ ಹೆಸರು ಸಂದಿತು. ಅದನ್ನು ಮರಳಿ ಶಿಲ್ಪದ ಅಧ್ಯಯನಕ್ಕೆ ಬಳಸುವುದು ಅಸಂಗತವೇನೂ ಅಲ್ಲ.

ಈ ವಿಧಾನವನ್ನು ಸಿನಿಮಾದ ಘನನೋಟದೊಂದಿಗೆ ಬೆರೆಸಿ ಹೇಳುವ ರೂಢಿಯುಂಟು. 1922ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪ್ರದರ್ಶಿತವಾದ ‘ದಿ ಪವರ್ ಆಫ್ ಲವ್’ ಎರಡು ಬಣ್ಣದ ವಿಧಾನದ ಚಿತ್ರವೇ ಸರಿ. ಆದರೆ 1984ರ ಮಲಯಾಳಂ ಚಿತ್ರ ‘ಮೈ ಡಿಯರ್ ಕುಟ್ಟಿಚಾತ್ತನ್’ ಭಾರತಕ್ಕೆ ತಂದದ್ದು ಧ್ರುವೀಕೃತ ಬೆಳಕಿನ ವಿಧಾನವನ್ನು. ಅದಕ್ಕೆ ವಿಶೇಷವಾದ ಬೆಳ್ಳಿಪರದೆ ಬೇಕು. ಎರಡು ಬಣ್ಣದ ಚಿತ್ರಕ್ಕಾದರೋ ಸಾಮಾನ್ಯ ಕಾಗದ, ಸಾಮಾನ್ಯ ಮುದ್ರಣ, ರಟ್ಟಿನ ಚೌಕಟ್ಟಿಗೆ ಅಂಟಿಸಿದ ಎರಡು ತುಂಡು ಬಣ್ಣದ ಹಾಳೆ ಸಾಕು. ಚಿತ್ರಮಂದಿರಕ್ಕೆ ಇದು ಹಿಂದುಳಿದ ತಂತ್ರವಾಗಿರಬಹುದು; ಕ್ಷೇತ್ರಕಾರ್ಯಕ್ಕೆ ಈ ಸರಳತೆಯೇ ಅದರ ಬಲ.

ಬಣ್ಣದ ಮೂಲಕ ಬೆಳಕನ್ನು ಹಾಯಿಸಿ ಚಿತ್ರ ತೋರಿಸುವುದು ನಮ್ಮ ನಾಡಿಗೆ ಹೊಸತಲ್ಲ. ಕಿಳ್ಳೇಕ್ಯಾತರ ತೊಗಲುಬೊಂಬೆಯಾಟದಲ್ಲಿ ಹದಮಾಡಿದ ತೊಗಲು ದೀಪದ ಬೆಳಕನ್ನು ಸೋಸಿ ಕೆಂಪು, ಹಸಿರುಗಳನ್ನು ಪರದೆಯ ಮೇಲೆ ಮೂಡಿಸುತ್ತದೆ. ಕಲ್ಯಾಣ ಕರ್ನಾಟಕದವರೇ ಆದ ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿರುವುದು ಆ ಪರಂಪರೆಗೆ ದೊರೆತ ಮನ್ನಣೆ. ಇವೆರಡರ ನಡುವೆ ಚಾರಿತ್ರಿಕ ಸಂಬಂಧವನ್ನು ಇಲ್ಲಿ ಕಲ್ಪಿಸುತ್ತಿಲ್ಲ. ತೊಗಲು ಬೆಳಕನ್ನು ಸೋಸಿ ರೂಪ ಕೊಡುತ್ತದೆ. ಕನ್ನಡಕದ ಹಾಳೆ ಬೆಳಕನ್ನು ಸೋಸಿ ಯಾವ ಕಣ್ಣಿಗೆ ಯಾವ ರೂಪವೆಂದು ಹಂಚುತ್ತದೆ. ಬೆಳಕಿನ ಗುಣ ಒಂದೇ, ಬಳಕೆ ಬೇರೆ.

ವಿಧಾನ ಹೀಗಿದೆ. ಕಲ್ಲಿನಿಂದ 2 ಮೀಟರ್ ದೂರದಲ್ಲಿ ನಿಂತು ಒಂದು ಚಿತ್ರ ತೆಗೆದು, ಕ್ಯಾಮೆರಾವನ್ನು ತಿರುಗಿಸದೆ 6ರಿಂದ 7 ಸೆಂಟಿಮೀಟರ್ ಬಲಕ್ಕೆ ಸರಿಸಿ ಇನ್ನೊಂದು ಚಿತ್ರವನ್ನು ತೆಗೆಯಬೇಕು. ಅಂದರೆ ದೂರದ ಮೂವತ್ತನೆಯ ಒಂದು ಭಾಗದಷ್ಟು ಸರಿದರೆ ಸಾಕೆಂಬುದು ಛಾಯಾಗ್ರಾಹಕರ ಸ್ಥೂಲ ನಿಯಮ. ಬಳಿಕ ಗಣಕಯಂತ್ರದಲ್ಲಿ ಎಡಚಿತ್ರದ ಕೆಂಪು ಅಂಶವನ್ನೂ ಬಲಚಿತ್ರದ ಹಸಿರು ಮತ್ತು ನೀಲಿ ಅಂಶಗಳನ್ನೂ ಕೂಡಿಸಿ ಒಂದೇ ಚಿತ್ರ ಮಾಡಬೇಕು. ಎಡಗಣ್ಣಿಗೆ ಕೆಂಪು, ಬಲಗಣ್ಣಿಗೆ ಹಸಿರುನೀಲಿ ಹಾಳೆಯ ಕನ್ನಡಕ ಧರಿಸಿ ನೋಡಿದರೆ ಕುದುರೆಯ ಕುತ್ತಿಗೆ, ಕತ್ತಿಯ ಅಂಚು, ಬಿದ್ದ ಎದುರಾಳಿಯ ತೋಳು ಹಿನ್ನೆಲೆಯಿಂದ ಮೇಲೆದ್ದು ತೋರುತ್ತವೆ. ಹಾಳೆಗಳು ಅದಲುಬದಲಾದರೆ ಉಬ್ಬುಶಿಲ್ಪವೇ ತಗ್ಗಾಗಿ ಕಾಣುವುದರಿಂದ, ಯಾವ ಕಣ್ಣಿಗೆ ಯಾವ ಬಣ್ಣ ಎಂಬುದನ್ನು ಪ್ರತಿ ಚಿತ್ರದ ಕೆಳಗೆ ನಮೂದಿಸುವುದು ಅವಶ್ಯ.

ಇನ್ನು ಮಿತಿಯ ಮಾತು. ಅಫಜಲಪುರ ತಾಲ್ಲೂಕಿನ ಒಂದು ಊರಿನ ಅಗಸಿಯ ಬಳಿಯ ವೀರಗಲ್ಲಿನ ಜೋಡಿಚಿತ್ರವನ್ನು ಸಿದ್ಧಪಡಿಸಿದಾಗ ಶಿಲ್ಪವೆಲ್ಲ ಸ್ಪಷ್ಟವಾಗಿ ಮೂಡಿದರೂ ವೀರನ ಹಣೆ ಮತ್ತು ಎದೆಯ ಭಾಗ ಮಾತ್ರ ಮಿನುಗುತ್ತ ಕಣ್ಣಿಗೆ ತೊಂದರೆ ಕೊಡುತ್ತಿತ್ತು. ಕಾರಣ ಕುಂಕುಮ. ಕೆಂಪು ಬಣ್ಣವು ಕೆಂಪು ಹಾಳೆಯ ಮೂಲಕ ಬೆಳ್ಳಗೂ ಹಸಿರುನೀಲಿ ಹಾಳೆಯ ಮೂಲಕ ಕಪ್ಪಾಗಿಯೂ ಕಾಣುವುದರಿಂದ ಎರಡು ಕಣ್ಣುಗಳ ನೋಟ ಒಂದಕ್ಕೊಂದು ಹೊಂದುವುದಿಲ್ಲ. ಅರಿಷಿಣ ಮತ್ತು ಸುಣ್ಣ ಇಷ್ಟು ತೊಡಕು ಕೊಡುವುದಿಲ್ಲ. ಚಿತ್ರವನ್ನು ಮೊದಲು ಕಪ್ಪುಬಿಳುಪಿಗೆ ಪರಿವರ್ತಿಸಿ ಮತ್ತೆ ಕೂಡಿಸಿದಾಗ ದೋಷ ಬಹುಮಟ್ಟಿಗೆ ನಿವಾರಣೆಯಾಯಿತು. ಆ ಚಿತ್ರವನ್ನು ಕಲ್ಲಿಗೆ ನಿತ್ಯ ಎಣ್ಣೆ ಹಚ್ಚುವ ಹಿರಿಯ ಹೆಣ್ಣುಮಗಳಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಕುದುರೆಯನ್ನು ಮುಟ್ಟಲು ಕೈಚಾಚಿದರು; ಆಮೇಲೆ ತಾವು ಹಚ್ಚಿದ ಕುಂಕುಮ ಎಲ್ಲಿ ಹೋಯಿತೆಂದು ಕೇಳಿದರು. ಆ ಪ್ರಶ್ನೆಗೆ ನನ್ನ ಬಳಿ ತಕ್ಷಣದ ಉತ್ತರವಿರಲಿಲ್ಲ.

ಈ ಪ್ರಶ್ನೆ ತಾಂತ್ರಿಕವಾದುದಷ್ಟೇ ಅಲ್ಲ. ಪುರಾತತ್ತ್ವದ ದೃಷ್ಟಿಗೆ ಕುಂಕುಮವು ಶಿಲ್ಪವನ್ನು ಮರೆಮಾಡುವ ಲೇಪ. ಜಾನಪದದ ದೃಷ್ಟಿಗೆ ಅದೇ ಮುಖ್ಯ ಆಕರ. ಯಾವ ಭಾಗಕ್ಕೆ ಎಷ್ಟು ದಪ್ಪ ಎಣ್ಣೆ ಕೂತಿದೆ, ಯಾವ ಮುಖವನ್ನು ಕೈ ಮುಟ್ಟಿ ಮುಟ್ಟಿ ನುಣುಪು ಮಾಡಿದೆ, ಎಳ್ಳ ಅಮಾವಾಸ್ಯೆಯಂದು ಚರಗ ಚೆಲ್ಲಲು ಹೊಲಕ್ಕೆ ಹೋದವರು ಬದುವಿನ ಯಾವ ಕಲ್ಲಿಗೆ ಕೈಮುಗಿದರು ಎಂಬುದರಿಂದಲೇ ಆ ಕಲ್ಲಿನ ಇಂದಿನ ಬದುಕು ತಿಳಿಯುವುದು. ವೀರನ ಹೆಸರು ಮರೆತರೂ ಅವನಿಗೆ ಸಲ್ಲುವ ಎಣ್ಣೆ ನಿಂತಿಲ್ಲ. ಆದ್ದರಿಂದ ಆಕಾರವನ್ನು ಉಳಿಸುವ ಕಪ್ಪುಬಿಳುಪಿನ ಜೋಡಿಚಿತ್ರದೊಂದಿಗೆ ಬಣ್ಣವನ್ನು ಉಳಿಸುವ ಮೂಲ ಚಿತ್ರಗಳೆರಡನ್ನೂ ಸೇರಿಸಿ ಕಾಪಿಡಬೇಕು. ಪೂಜೆ ಮಾಡುವ ಮನೆತನ, ಪೂಜೆಯ ದಿನ, ಸ್ಥಳೀಯರು ಕಲ್ಲಿಗೆ ಹೇಳುವ ಹೆಸರು ಮತ್ತು ಕಥೆ ಅದರ ಜೊತೆಗಿರಬೇಕು. ಇವಿಲ್ಲದ ದಾಖಲೆಯನ್ನು ಅಪೂರ್ಣವೆಂದೇ ಎಣಿಸಬೇಕಾಗುತ್ತದೆ.

ಇಂದು ಇದಕ್ಕಿಂತ ಮುಂದುವರಿದ ವಿಧಾನಗಳು ಬಂದಿವೆ. 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಿಥಿಕ್ ಸೊಸೈಟಿಯು ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಸಂರಕ್ಷಿಸುವ ಯೋಜನೆಯನ್ನು ಕೈಗೊಂಡಿದೆ. 2005ರ ಮೇ 5ರಂದು ಉಡಾವಣೆಗೊಂಡ ಭಾರತದ ಕಾರ್ಟೊಸ್ಯಾಟ್-1 ಉಪಗ್ರಹವು ಮುಂದಕ್ಕೆ 26 ಡಿಗ್ರಿ, ಹಿಂದಕ್ಕೆ 5 ಡಿಗ್ರಿ ಓರೆಯಾಗಿಸಿದ ಎರಡು ಕ್ಯಾಮೆರಾಗಳಿಂದ 2.5 ಮೀಟರ್ ಸೂಕ್ಷ್ಮತೆಯ ಜೋಡಿಚಿತ್ರಗಳನ್ನು ತೆಗೆಯಿತು. ಇಂಥ ಜೋಡಿಚಿತ್ರಗಳನ್ನು ಕೆಂಪು-ಹಸಿರುನೀಲಿಗೆ ಕೂಡಿಸಿದರೆ ನೆಲದ ಏರಿಳಿತವೇ ಉಬ್ಬುಶಿಲ್ಪವಾಗಿ ತೋರುತ್ತದೆ. ಸಮತಟ್ಟಾಗಿ ಕಾಣುವ ಭೀಮಾತೀರದ ಎರೆನೆಲದಲ್ಲಿ ಹಳ್ಳಗಳ ಜಾಡು, ದೇವಲ ಗಾಣಗಾಪುರದ ಬಳಿಯ ಭೀಮಾ-ಅಮರ್ಜಾ ಸಂಗಮದ ದಂಡೆ, ಹಳೆಯ ಹಾದಿಗಳು ದಾಟುವ ದಿಣ್ಣೆ ಇವುಗಳನ್ನು ಗುರುತಿಸಲು ಸಾಧ್ಯವಾದರೆ, ಒಂದು ವೀರಗಲ್ಲು ಅಲ್ಲಿಯೇ ಏಕೆ ನಿಂತಿತು ಎಂಬ ಪ್ರಶ್ನೆಗೆ ಊಹೆಯಾಚೆಗಿನ ಉತ್ತರ ದೊರೆಯಬಹುದು. ಕಲ್ಲಿನ ಆಳ, ನೆಲದ ಆಳ ಎರಡಕ್ಕೂ ಒಂದೇ ತತ್ತ್ವ.

ದುಬಾರಿ ಯಂತ್ರಗಳು ಪ್ರತಿ ಹಳ್ಳಿಯ ಅಗಸಿಯನ್ನು ತಲುಪುವವರೆಗೆ ಕಾಯುವಷ್ಟು ಕಾಲಾವಕಾಶ ನಮಗಿಲ್ಲ. ರಸ್ತೆ ಅಗಲಗೊಳ್ಳುವಾಗ, ಗುಡಿಗಳ ಜೀರ್ಣೋದ್ಧಾರ ನಡೆಯುವಾಗ ಅಕ್ಷರವಿಲ್ಲದ ಕಲ್ಲುಗಳೇ ಮೊದಲು ಸ್ಥಳ ಬಿಡುತ್ತವೆ. ಕೆಲವಕ್ಕೆ ಎಣ್ಣೆಬಣ್ಣ ಬಳಿಯಲಾಗುತ್ತದೆ. ಗುಲಬರ್ಗಾ ವಿಶ್ವವಿದ್ಯಾಲಯ ಹಾಗೂ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲಿ ಅನೇಕರು ಇದೇ ಊರುಗಳಿಂದ ಬಂದವರು. ಕೈಯಲ್ಲಿರುವ ಮೊಬೈಲ್ ಫೋನಿನಿಂದ ತಮ್ಮ ಊರಿನ ಕಲ್ಲಿಗೆ ಒಂದರ ಬದಲು ಎರಡು ಚಿತ್ರ ತೆಗೆಯುವುದನ್ನು, ಜೊತೆಗೆ ಅಲ್ಲಿಯ ಹಿರಿಯರ ಮಾತನ್ನು ಬರೆದಿಡುವುದನ್ನು ಅವರು ರೂಢಿಸಿಕೊಂಡರೆ ಮೂರು ತಾಲ್ಲೂಕುಗಳ ಸ್ಮಾರಕಶಿಲೆಗಳ ಸಂಗ್ರಹವೊಂದು ಸಾಧ್ಯವಾಗುತ್ತದೆ. ಆ ಸಂಗ್ರಹದಲ್ಲಿ ಕುದುರೆಯ ಉಬ್ಬೂ ಇರಲಿ, ಕುಂಕುಮದ ಕೆಂಪೂ ಇರಲಿ.