ದಂಡಿಗೆಯ ಮೇಲಿನ ಸ್ವರಾಂತರ

ಬಸವಣ್ಣನವರು ತಮ್ಮ ಕಾಯವನ್ನೇ ವೀಣೆಯಾಗಿಸುವಂತೆ ಕೂಡಲಸಂಗಮದೇವನನ್ನು ಬೇಡುವ ವಚನವನ್ನು ಅರಿಯದ ಭಕ್ತರು ವಿರಳ. ದಂಡಿಗೆ, ಸೋರೆ, ತಂತಿ, ಕಡ್ಡಿ ಎಲ್ಲವೂ ಅಲ್ಲಿವೆ; ಬತ್ತೀಸ ರಾಗಗಳ ಮಾತೂ ಇದೆ. ಇಲ್ಲದಿರುವುದು ಮೆಟ್ಟಿಲು.

ಮೆಟ್ಟಿಲೆಂದರೆ ಸ್ವರದಿಂದ ಸ್ವರಕ್ಕಿರುವ ಅಂತರದ ಗುರುತು. ಬಿಗಿದ ತಂತಿಯ ಪೂರ್ಣ ಉದ್ದವು ಷಡ್ಜವಾದರೆ ಅದರ ಅರ್ಧವು ಮೇಲಿನ ಷಡ್ಜ; ಮೂರರಲ್ಲಿ ಎರಡು ಪಾಲು ಪಂಚಮ; ನಾಲ್ಕರಲ್ಲಿ ಮೂರು ಪಾಲು ಮಧ್ಯಮ. ಇಲ್ಲಿಯವರೆಗೆ ಲೆಕ್ಕ ಸುಗಮ. ತೊಡಕು ಇರುವುದು ಗಾಂಧಾರದಲ್ಲಿ. ಐದರಲ್ಲಿ ನಾಲ್ಕು ಪಾಲಿನಲ್ಲಿ ದೊರೆಯುವ ಗಾಂಧಾರವು ಷಡ್ಜದೊಡನೆ ಬೆರೆತು ನಿಲ್ಲುತ್ತದೆ. ಪಂಚಮದ ಅಂತರವನ್ನೇ ಹಿಡಿದು ನಾಲ್ಕು ಹೆಜ್ಜೆ ಏರಿದಾಗ ದೊರೆಯುವ ಗಾಂಧಾರವಾದರೋ ಅದಕ್ಕಿಂತ ಕೂದಲೆಳೆಯಷ್ಟು ಮೇಲಿರುತ್ತದೆ. ಹೆಸರು ಒಂದೇ, ನೆಲೆ ಎರಡು.

13ನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದಲ್ಲಿ 22 ಶ್ರುತಿಗಳ ಹಂಚಿಕೆಯನ್ನು ವಿವರಿಸಿದನು. ಷಡ್ಜ, ಮಧ್ಯಮ, ಪಂಚಮಗಳಿಗೆ ನಾಲ್ಕು ನಾಲ್ಕು, ರಿಷಭ ಧೈವತಗಳಿಗೆ ಮೂರು ಮೂರು, ಗಾಂಧಾರ ನಿಷಾದಗಳಿಗೆ ಎರಡೆರಡು. ಮೆಟ್ಟಿಲುಗಳುಳ್ಳ ಕಿನ್ನರಿಯನ್ನೂ ಅವನು ವರ್ಣಿಸುತ್ತಾನೆ. ಶರಣ ಕಿನ್ನರಿ ಬೊಮ್ಮಯ್ಯನವರ ಹೆಸರಿನಲ್ಲಿರುವುದೂ ಅದೇ ವಾದ್ಯ. ಆದುದರಿಂದ ಮೆಟ್ಟಿಲು ಕಲ್ಯಾಣದವರಿಗೆ ತೀರಾ ಅಪರಿಚಿತವಾಗಿತ್ತೆಂದು ಹೇಳಲಾಗದು. ವಚನದಲ್ಲಿ ಅದನ್ನು ಬಿಟ್ಟಿರುವುದರಲ್ಲಿ ಅರ್ಥವಿದೆ: ಸ್ವರವು ಎಲ್ಲಿ ನಿಲ್ಲಬೇಕೆಂಬುದನ್ನು ವಾದ್ಯವು ಮೊದಲೇ ಗೊತ್ತುಮಾಡಿಕೊಂಡಿಲ್ಲ, ಅದು ನುಡಿಸುವವನಿಗೇ ಬಿಟ್ಟದ್ದು.

ಮೆಟ್ಟಿಲನ್ನು ಕದಲದಂತೆ ನಿಲ್ಲಿಸಹೊರಟವರ ಕಷ್ಟವನ್ನು ವಿಜಯನಗರದ ರಾಮಾಮಾತ್ಯನಲ್ಲಿ ಕಾಣಬಹುದು. ಅಳಿಯ ರಾಮರಾಯನ ಅಪೇಕ್ಷೆಯಂತೆ 1550ರಲ್ಲಿ ‘ಸ್ವರಮೇಳಕಲಾನಿಧಿ’ಯನ್ನು ರಚಿಸಿದ ಈತನು, ಮೆಟ್ಟಿಲುಗಳು ಒತ್ತೊತ್ತಾಗುತ್ತವೆಂದು ಅಂತರ ಗಾಂಧಾರ, ಕಾಕಲಿ ನಿಷಾದಗಳಿಗೆ ಪ್ರತ್ಯೇಕ ಮೆಟ್ಟಿಲನ್ನೇ ಇಡಲಿಲ್ಲ, ನೆರೆಯ ಸ್ವರವನ್ನೇ ಅವುಗಳ ಪ್ರತಿನಿಧಿಯಾಗಿಸಿದನು. ಅದೇ ಶತಮಾನದಲ್ಲಿ ಮೇಳಗಳನ್ನು ಕುರಿತು ಬರೆದ ಪುಂಡರೀಕ ವಿಠ್ಠಲನ ಊರು ಶಿವಗಂಗೆಯ ಸಮೀಪದ ಸಾತನೂರು. ಬೈಯಪ್ಪನಹಳ್ಳಿಯ ಭಕ್ತರು ಬೆಳಿಗ್ಗೆ ಹೊರಟರೆ ಗಂಗಾಧರೇಶ್ವರನ ದರ್ಶನ ಪಡೆದು ಸಂಜೆಗೆ ಮರಳಬಹುದಾದಷ್ಟು ದೂರ.

ಇಂದು ವಚನಗಾಯನಕ್ಕೆ ಹಾರ್ಮೋನಿಯಂ ಜೊತೆಗಿರುವುದು ವಾಡಿಕೆ. ಅದರ 12 ಮನೆಗಳನ್ನು ಸಾಮಾನ್ಯವಾಗಿ ಸಮಾನ ಅಂತರದಲ್ಲಿ ಶ್ರುತಿಗೊಳಿಸಿರುತ್ತಾರೆ. ಆದುದರಿಂದ ಅದರ ಗಾಂಧಾರ ತುಸು ಏರಿರುತ್ತದೆ. ಆಕಾಶವಾಣಿಯು 1940ರಿಂದ 1971ರವರೆಗೆ ಈ ವಾದ್ಯವನ್ನು ದೂರವಿಟ್ಟಿದ್ದಕ್ಕೆ ಸ್ವರಾಂತರದ ಈ ಆಕ್ಷೇಪವೂ ಒಂದು ಕಾರಣ. ಆದರೆ ಗದಗಿನ ಪಂಡಿತ ಪುಟ್ಟರಾಜ ಗವಾಯಿಗಳಂತಹವರ ಬೆರಳುಗಳಲ್ಲಿ ಪಳಗಿದ ವಾದ್ಯವನ್ನು ಹೀಗಳೆಯುವುದು ಸಲ್ಲದು. ಹಾಡುವವರ ಕಿವಿ ಅದರ ಮನೆಗಳಿಗೇ ಒಗ್ಗಿಹೋಗುವುದು ಮಾತ್ರ ನಷ್ಟ.

ಈ ವಚನವನ್ನಾದರೂ ಒಮ್ಮೆ ಬರಿಯ ತಂಬೂರಿಯೊಡನೆ ಹಾಡಬೇಕು. ಮಂದ್ರ ಷಡ್ಜದ ತಂತಿ ಚೆನ್ನಾಗಿ ಶ್ರುತಿಗೂಡಿದಾಗ ಯಾರೂ ಮೀಟದ ಗಾಂಧಾರವೊಂದು ಅದರೊಳಗಿಂದ ತಾನಾಗಿ ಕೇಳಿಬರುತ್ತದೆ. ಅದು ಐದರಲ್ಲಿ ನಾಲ್ಕು ಪಾಲಿನ ಗಾಂಧಾರ.