ಥೇಮ್ಸ್ ನದಿಯ ಅಡಿಯಲ್ಲಿ ಹದಿನೆಂಟು ವರ್ಷ

ಬಾವಿ ತೋಡುವವನಿಗೆ ನೀರು ಕಂಡರೆ ಹಬ್ಬ. ಅಡಿಪಾಯ, ಚರಂಡಿ, ಸುರಂಗ ತೋಡುವವನಿಗೆ ಅದೇ ನೀರು ಯಮ. ನೆನೆದ ಮಣ್ಣು ಬಿಗಿ ಕಳೆದುಕೊಂಡರೆ ಗೋಡೆ ಕ್ಷಣದಲ್ಲಿ ಕುಸಿಯುತ್ತದೆ. ಈ ಯಮನೊಡನೆ ಮನುಷ್ಯ ನಡೆಸಿದ ದೀರ್ಘ ಹೋರಾಟವೊಂದರ ಕಥೆ ಲಂಡನ್ನಿನ ಥೇಮ್ಸ್ ಸುರಂಗದ್ದು.

ಫ್ರಾನ್ಸ್ ಮೂಲದ ಎಂಜಿನಿಯರ್ ಮಾರ್ಕ್ ಬ್ರೂನೆಲ್ 1825ರಲ್ಲಿ ಕೆಲಸ ಆರಂಭಿಸಿದ. ಮೊದಲು ದಡದ ಮೇಲೆ 50 ಅಡಿ ಅಗಲದ ದುಂಡನೆಯ ಇಟ್ಟಿಗೆ ಗೋಪುರ ಕಟ್ಟಿ, ಒಳಗಿನ ಮಣ್ಣು ತೆಗೆಸಿದ. ಬಾವಿಗೆ ಬಳೆ ಇಳಿಸಿದಂತೆ ಗೋಪುರ ತನ್ನ ಭಾರಕ್ಕೇ ನೆಲಕ್ಕಿಳಿಯಿತು.

ಅನಂತರ ಬಂದದ್ದು ಅವನ ಕಬ್ಬಿಣದ ಕವಚ. ಹಡಗಿನ ಮರ ಕೊರೆಯುವ ಹುಳುವನ್ನು ನೋಡಿ ಹೊಳೆದ ಉಪಾಯವದು. ಕವಚದಲ್ಲಿ 36 ಗೂಡುಗಳು, ಗೂಡಿಗೊಬ್ಬ ಕೆಲಸಗಾರ. ಎದುರಿನ ಮಣ್ಣಿಗೆ ಹಲಗೆಗಳ ಆಸರೆ. ಒಂದು ಹಲಗೆ ತೆಗೆದು, ಕೆಲವೇ ಅಂಗುಲ ಅಗೆದು, ಅದನ್ನು ಮತ್ತೆ ಬಿಗಿದ ಮೇಲೆಯೇ ಮುಂದಿನ ಹಲಗೆಗೆ ಕೈ. ಹಿಂದಿನಿಂದ ಗಾರೆಯವರು ಇಟ್ಟಿಗೆ ಕಮಾನು ಕಟ್ಟುತ್ತಾ ಬರುತ್ತಿದ್ದರು.

ನದಿತಳದಲ್ಲಿ ಗಟ್ಟಿ ಜೇಡಿಮಣ್ಣು ಉದ್ದಕ್ಕೂ ಇದೆಯೆಂದು ನಂಬಲಾಗಿತ್ತು. ಸಿಕ್ಕಿದ್ದು ಜಲ್ಲಿ, ಸಡಿಲ ಮಣ್ಣು. ಸುರಂಗದೊಳಕ್ಕೆ ನದಿತಳದ ಮೂಳೆ, ಪಿಂಗಾಣಿ ಚೂರು ಬೀಳತೊಡಗಿದವು. ನೀರು ಕೊಟ್ಟ ಎಚ್ಚರಿಕೆಯದು. ಆದರೆ ಕಂಪನಿಗೆ ಹಣದ ಮುಗ್ಗಟ್ಟು. ಶಿಲ್ಲಿಂಗ್ ಟಿಕೆಟ್ಟಿನ ಮೇಲೆ ಪ್ರೇಕ್ಷಕರನ್ನೂ ಒಳಗೆ ಬಿಡುತ್ತಿತ್ತು. 1827ರ ಮೇ 18ರಂದು ನದಿ ಒಳನುಗ್ಗಿತು. ಅಂದು ಕೆಲಸಗಾರರು ಓಡಿ ಪಾರಾದರು. ಜೇಡಿಮಣ್ಣಿನ ಚೀಲಗಳಿಂದ ನದಿತಳದ ರಂಧ್ರ ಮುಚ್ಚಿ, ಪಂಪಿನಿಂದ ನೀರೆತ್ತಿ, ಕೆಲಸ ಮತ್ತೆ ಸಾಗಿತು. 1828ರ ಜನವರಿ 12ರಂದು ಎರಡನೆಯ ಪ್ರವಾಹ ಆರು ಜನರನ್ನು ಬಲಿ ತೆಗೆದುಕೊಂಡಿತು. ಬ್ರೂನೆಲ್‌ನ ಮಗ ಇಸಾಂಬಾರ್ಡ್ ಕೂದಲೆಳೆಯಲ್ಲಿ ಉಳಿದ. ಏಳು ವರ್ಷ ಸುರಂಗಕ್ಕೆ ಬಾಗಿಲು ಹಾಕಿತು.

ಸರ್ಕಾರದ ಸಾಲ ದೊರೆತು ಕೆಲಸ ಮರಳಿ ಆರಂಭವಾಯಿತು. ಸುರಂಗ ತೆರೆದದ್ದು 1843ರ ಮಾರ್ಚ್ 25ರಂದು. ಉದ್ದ ಕೇವಲ 1,300 ಅಡಿ! 1869ರಿಂದ ಅದರಲ್ಲಿ ರೈಲು ಓಡುತ್ತಿದೆ.

ಬೆಂಗಳೂರಿನ ಮೆಟ್ರೊ ಸುರಂಗ ಕೊರೆದ ದೈತ್ಯ ಯಂತ್ರಗಳು ಆ ಕವಚದ ವಂಶಸ್ಥರೇ. ಆದರೆ ಬೀದಿಬದಿಯ ಚರಂಡಿಗೆ ಅಂಥ ಯಂತ್ರ ಬೇಕಿಲ್ಲ. ಪಕ್ಕಕ್ಕೆ ಆಸರೆ, ನೀರೆತ್ತಲು ಪಂಪು, ಮಳೆ ಬಂದು ಹೋದ ಮೇಲೆ ಇಳಿಯುವ ಮುನ್ನ ಒಮ್ಮೆ ತಪಾಸಣೆ: ಇಷ್ಟಿದ್ದರೆ ಎಷ್ಟೋ ಜೀವ ಉಳಿದೀತು. ಥೇಮ್ಸ್ ಕಲಿಸಿದ್ದೂ ಇದನ್ನೇ: ನೀರು ಸಾಮಾನ್ಯವಾಗಿ ಸುಳಿವು ಕೊಟ್ಟೇ ಬರುತ್ತದೆ, ಅವಸರದಲ್ಲಿರುವವರ ಕಣ್ಣಿಗೆ ಮಾತ್ರ ಅದು ಬೀಳುವುದಿಲ್ಲ.